ಡಿಸ್ಕ್ ಇಲ್ಲ ಅಂದವರು ಯಾರು?

2024ರ ಅಕ್ಟೋಬರ್‌ನಲ್ಲಿ ಬೈಲಹೊಂಗಲದ ಒಂದು ಕಾಲೇಜಿನಲ್ಲಿ ಕಂಪ್ಯೂಟರ್ ಲ್ಯಾಬ್ ನೋಡಿಕೊಳ್ಳೋ ಕಾಕಾಗೆ ನೋಟಿಸ್ ಕೊಟ್ಟರು. ಸರ್ವರಿನ ಎರಡು ಹಾರ್ಡ್ ಡಿಸ್ಕ್ ಕಾಣೆಯಾಗಿವೆ, ಕೊಠಡಿಯ ಕೀಲಿ ನಿಮ್ಮ ಹತ್ತಿರ ಇತ್ತು, ಏಳು ದಿನದೊಳಗೆ ಲಿಖಿತ ಉತ್ತರ ಕೊಡಿ, ತಪ್ಪಿದರೆ ಸಂಬಳದಲ್ಲಿ ವಸೂಲಿ ಮಾಡಲಾಗುವುದು.

ಡಿಸ್ಕ್ ಕಾಣೆಯಾಗಿರಲಿಲ್ಲ. ಎರಡೂ ಸರ್ವರಿನ ಹೊಟ್ಟೆಯೊಳಗೇ ಇದ್ದವು. ಕರೆಂಟ್ ಕೊಟ್ಟಾಗ ಆರಾಮಾಗಿ ತಿರುಗುತ್ತಲೂ ಇದ್ದವು.

ಕಾಕಾನ ಮಗ ನನಗೆ ಫೋನ್ ಮಾಡಿದ್ದು ನೋಟಿಸ್ ಬಂದ ನಾಲ್ಕನೇ ದಿನ. 'ಅಣ್ಣಾ, ಅಪ್ಪಾ ಸರಿಯಾಗಿ ಊಟಾ ಮಾಡವಲ್ಲ. ಮೂವತ್ತು ವರ್ಷ ದುಡದೇನಿ, ಒಂದು ಮೌಸ್ ಮನೀಗೆ ತಂದಿಲ್ಲ ಅಂತ ಅದನ್ನ ಹೇಳ್ತಾನ. ನೀ ಒಮ್ಮಿ ಬಂದು ನೋಡಾಕ ಆಗತೈತೇನು?' ನಾನು ಹೋಗಲೇಬೇಕಿತ್ತು. ಯಾಕೆಂದರೆ ಆ ಸರ್ವರಿಗೆ ಲಿನಕ್ಸ್ ಹಾಕೋ ವ್ಯವಸ್ಥೆ ಮಾಡಿಕೊಟ್ಟವನು ನಾನೇ.

ಆದದ್ದು ಇಷ್ಟು. ಪರೀಕ್ಷೆಗೆ ಮುಂಚೆ ಸರ್ವರಿಗೆ ಹೊಸದಾಗಿ ಲಿನಕ್ಸ್ ಹಾಕಿ ಅಂತ ಮೇಲಿನವರು ಹೇಳಿದರು. ಕಾಕಾ ನಾನು ಗೋಡೆಗೆ ಅಂಟಿಸಿ ಹೋಗಿದ್ದ ಚೀಟಿ ನೋಡಿಕೊಂಡು ಸ್ವಿಚ್ ಹಾಕಿದರು, ನೆಟ್‌ವರ್ಕ್ ಬೂಟ್ ಆಯ್ಕೆ ಮಾಡಿದರು, ಕಾದರು. ಸ್ವಲ್ಪ ಹೊತ್ತಿಗೆ ಪರದೆಯ ಮೇಲೆ ಇಂಗ್ಲಿಷ್‌ನಲ್ಲಿ ಒಂದು ಸಾಲು ಬಂತು: 'ನೋ ಡಿಸ್ಕ್ ಡ್ರೈವ್ ವಾಸ್ ಡಿಟೆಕ್ಟೆಡ್.' ಕಾಕಾ ಪ್ರಾಮಾಣಿಕವಾಗಿ ಅದರ ಫೋಟೋ ತೆಗೆದು ಆಫೀಸಿನ ವಾಟ್ಸ್ಯಾಪ್ ಗುಂಪಿಗೆ ಹಾಕಿದರು. ಗುಮಾಸ್ತರು ಅದನ್ನ 'ಡಿಸ್ಕ್ ಇಲ್ಲ' ಅಂತ ಓದಿದರು. ಸ್ಟಾಕ್ ರಿಜಿಸ್ಟರಿನಲ್ಲಿ 'ಡಿಸ್ಕ್ 2' ಅಂತಿತ್ತು. ರಿಜಿಸ್ಟರಿನಲ್ಲಿ ಎರಡು, ಪರದೆಯಲ್ಲಿ ಸೊನ್ನೆ. ಲೆಕ್ಕ ತಾಳೆಯಾಗಲಿಲ್ಲ, ನೋಟಿಸ್ ಟೈಪ್ ಆಯಿತು. ಹುಬ್ಬಳ್ಳಿಯ ಒಬ್ಬ ಮಾರಾಟಗಾರರನ್ನ ಕೇಳಿದ್ದಕ್ಕೆ ಅವರು ಫೋನಿನಲ್ಲೇ ಪರೀಕ್ಷೆ ಮಾಡಿ ಹೇಳಿದರಂತೆ: 'ಅದು ಹಳೇ ಸರ್ವರ್ ಐತ್ರಿ, ಹೊಸಾದು ತಗೊಂಡ್ಬಿಡ್ರಿ.' ಇಷ್ಟೆಲ್ಲಾ ಆಗುವಾಗ ಸ್ಕ್ರೂಡ್ರೈವರ್ ತಗೊಂಡು ಡಬ್ಬಿಯ ಮುಚ್ಚಳ ತೆಗೆದು ನೋಡಿದವರು ಯಾರೂ ಇಲ್ಲ.

ಇಲ್ಲಿ ನೀವು ನಕ್ಕಿರಬಹುದು. ಊರ ಕಡೆಯವರು, ಇಂಗ್ಲಿಷ್ ಬರಲ್ಲ, ಪಾಪ. ಸ್ವಲ್ಪ ತಡೀರಿ. ಈ ಕಥೆಯಲ್ಲಿ ಮೂರ್ಖ ಯಾರು ಅಂತ ಇನ್ನೂ ತೀರ್ಮಾನ ಆಗಿಲ್ಲ.

ನೆಟ್‌ವರ್ಕ್ ಮೇಲೆ ಲಿನಕ್ಸ್ ಹಾಕೋದು ಹೇಗೆ ಅಂತ ನಮ್ಮಲ್ಲಿ ಬಹಳ ಜನಕ್ಕೆ ಗೊತ್ತು, ಆದರೂ ಒಮ್ಮೆ ನಿಧಾನವಾಗಿ ನೋಡೋಣ. ಯಂತ್ರ ಎದ್ದ ಕೂಡಲೇ ಅದರ ನೆಟ್‌ವರ್ಕ್ ಕಾರ್ಡು 'ನನ್ನ ವಿಳಾಸ ಏನು, ನಾನು ಯಾರಿಂದ ಬೂಟ್ ಆಗಬೇಕು' ಅಂತ ಕೂಗುತ್ತೆ. ಡಿಎಚ್‌ಸಿಪಿ ವಿಳಾಸ ಕೊಡುತ್ತೆ. ಆಮೇಲೆ ಟಿಎಫ್‌ಟಿಪಿ ಅನ್ನೋ ಹಳೇ ವಿಧಾನದಲ್ಲಿ ಕರ್ನಲ್ಲು ಮತ್ತು ಇನಿಟ್ ಆರ್‌ಡಿ ಅನ್ನೋ ಒಂದು ಗಂಟು ಇಳಿದು ಬರುತ್ತವೆ. ಟಿಎಫ್‌ಟಿಪಿ 1981ರದ್ದು, ನಮ್ಮಲ್ಲಿ ಹೆಚ್ಚಿನವರಿಗಿಂತ ಹಿರಿಯ. ನಾನು ಬಳಸಿದ್ದು ಡೆಬಿಯನ್. ಡೆಬಿಯನ್ನಿನ ನೆಟ್‌ಬೂಟ್ ಗಂಟು ಬೇಕೆಂತಲೇ ಸಣ್ಣದು. ಅದರಲ್ಲಿ ನೆಟ್‌ವರ್ಕ್ ಕಾರ್ಡಿನ ಡ್ರೈವರುಗಳಿರುತ್ತವೆ. ಡಿಸ್ಕಿನ ಡ್ರೈವರುಗಳು ಇರಲ್ಲ. ಅವನ್ನ ಆಮೇಲೆ ಇಂಟರ್‌ನೆಟ್ಟಿನ ಮಿರರಿನಿಂದ ತರಿಸಿಕೊಳ್ಳುತ್ತೆ. ಎಲ್ಲಮ್ಮನ ಗುಡ್ಡಕ್ಕೆ ಹೊರಟವರು ದಾರಿಖರ್ಚಿನ ರೊಕ್ಕ ಮಾತ್ರ ಇಟ್ಟುಕೊಂಡು, ಕಾಯಿ ಕರ್ಪೂರ ಸವದತ್ತಿಯಲ್ಲೇ ತಗೊಂಡರಾಯ್ತು ಅಂತ ಹೋದ ಹಾಗೆ.

ಅಂಗಡಿ ತೆಗೆದಿದ್ದರೆ ಏನೂ ತೊಂದರೆ ಇಲ್ಲ. ಆದರೆ ಇಲ್ಲೊಂದು ಷರತ್ತಿದೆ. ಕರ್ನಲ್ಲಿನ ಡ್ರೈವರು ಅದೇ ಕರ್ನಲ್ಲಿನದ್ದೇ ಆಗಿರಬೇಕು, ಆವೃತ್ತಿಯ ಸಂಖ್ಯೆ ಹೊಂದಲೇಬೇಕು. ಡೆಬಿಯನ್ 12 ಬಿಡುಗಡೆಯಾದದ್ದು 2023ರ ಜೂನ್ 10ಕ್ಕೆ, ಕರ್ನಲ್ 6.1.0-9 ಜೊತೆ. ಅದೇ ಜೂನ್ ಕೊನೆಯಲ್ಲಿ, ಮಳೆ ಕೈಕೊಟ್ಟ ಆ ವರ್ಷ, ನಾನು ಊರಿಗೆ ಬಂದಿದ್ದೆ. ನಾಲ್ಕು ಹಳೇ ಡೆಸ್ಕ್‌ಟಾಪ್ ಹೊಂದಿಸಿ, ನಾಲ್ಕನ್ನೂ ಬೂಟ್ ಸರ್ವರ್ ಮಾಡಿ, ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ, ಹೀಗೆ ತಾಲೂಕಿಗೊಂದು ಲ್ಯಾಬಿನಲ್ಲಿ ಇಟ್ಟು ಬಂದೆ. ನಾಲ್ಕರಲ್ಲೂ ಅದೇ ಕರ್ನಲ್, ಅದೇ ಸ್ಕ್ರಿಪ್ಟ್. ಫೇಸ್‌ಬುಕ್ಕಿನಲ್ಲಿ ಫೋಟೋ ಕೂಡ ಹಾಕಿದ್ದೆ. ಬೆಂಗಳೂರಿನ ಗೆಳೆಯರು 'ಗಿವಿಂಗ್ ಬ್ಯಾಕ್' ಅಂತೆಲ್ಲಾ ಹೊಗಳಿದ್ದರು.

ಡೆಬಿಯನ್ 12.1 ಬಂದದ್ದು ಜುಲೈ 22ಕ್ಕೆ. ಅದರ ಜೊತೆ ಹೊಸ ಕರ್ನಲ್, ಮಿರರಿನಲ್ಲಿ ಇನ್‌ಸ್ಟಾಲರಿಗೆ ಹೊಸ ಡ್ರೈವರು, ಹಳೇವು ಅಲ್ಲಿಂದ ಹೊರಗೆ. ಅಂದರೆ ನನ್ನ ಸಮಾಜಸೇವೆ ಒಂದು ತಿಂಗಳೂ ಬಾಳಲಿಲ್ಲ. ಅದು ನನಗೆ ಗೊತ್ತಾಗಲಿಕ್ಕೆ ಹದಿನೈದು ತಿಂಗಳು ಬೇಕಾಯಿತು, ಒಬ್ಬ ಮನುಷ್ಯನಿಗೆ ಕಳ್ಳ ಅನ್ನಿಸಿಕೊಳ್ಳೋ ಹೊತ್ತು ಬರಬೇಕಾಯಿತು.

ಬೈಲಹೊಂಗಲಕ್ಕೆ ಹೋದಾಗ ಕಿತ್ತೂರು ಉತ್ಸವದ ಗದ್ದಲ. ಚನ್ನಮ್ಮನ ವಿಜಯಕ್ಕೆ 200 ವರ್ಷ. ಬಸ್ಸಿನ ತುಂಬ ಜನ. ಲ್ಯಾಬಿನಲ್ಲಿ ಮಾತ್ರ ನಾನು, ಕಾಕಾ, ಬಾಗಿಲ ಹತ್ತಿರ ಕೈಕಟ್ಟಿ ನಿಂತ ಗುಮಾಸ್ತರು. ಮೊದಲು ಮಾಡಿದ ಕೆಲಸ, ಸರ್ವರಿನ ಮುಚ್ಚಳ ತೆಗೆದದ್ದು. ಎರಡು ಡಿಸ್ಕ್, ಧೂಳು, ಒಂದು ಸತ್ತ ಜೇಡ. ಕಾಕಾ ಬಗ್ಗಿ ನೋಡಿದರು. 'ಹಂಗಂದ್ರ ಇದ್ದಾವಂದಂಗಾತಲ್ಲೋ ತಮ್ಮಾ' ಅಂದರು. ಗುಮಾಸ್ತರು ಏನೂ ಅನ್ನಲಿಲ್ಲ.

ಆಮೇಲೆ ಅದೇ ಇನ್‌ಸ್ಟಾಲೇಶನ್ ಮತ್ತೆ ಶುರು ಮಾಡಿ, ಅದೇ ಸಂದೇಶ ಬಂದಾಗ ಆಲ್ಟ್ ಮತ್ತು ಎಫ್2 ಒತ್ತಿದೆ. ಡೆಬಿಯನ್ ಇನ್‌ಸ್ಟಾಲರಿನಲ್ಲಿ ಅಲ್ಲೊಂದು ಶೆಲ್ ಇರುತ್ತೆ, ಬಹಳ ಜನಕ್ಕೆ ಗೊತ್ತಿಲ್ಲ. ಎಲ್‌ಎಸ್‌ಪಿಸಿಐ ಹೊಡೆದೆ. ಪಟ್ಟಿಯಲ್ಲಿ ಸಾಟಾ ಕಂಟ್ರೋಲರ್ ಕಾಣಿಸಿತು. ಅಂದರೆ ಡಿಸ್ಕ್ ಸಿಕ್ಕಿಸಿರೋ ಬಾಗಿಲು ಯಂತ್ರಕ್ಕೆ ಕಂಡಿದೆ. ಪ್ರೊಕ್ ಪಾರ್ಟಿಶನ್ಸ್ ಫೈಲ್ ನೋಡಿದೆ. ಡಿಸ್ಕಿನ ಸುದ್ದಿಯೇ ಇಲ್ಲ. ಬಾಗಿಲಿದೆ, ತೆಗೆಯೋ ಕೀಲಿ ಇಲ್ಲ. ಯುನೇಮ್ ಹೊಡೆದರೆ 6.1.0-9. ಅವತ್ತು ಮಿರರಿನಲ್ಲಿದ್ದದ್ದು 12.7, ಅದರ ಡ್ರೈವರುಗಳು 6.1.0-25ಕ್ಕೆ ಸೇರಿದವು. ಆಲ್ಟ್ ಎಫ್4ರಲ್ಲಿ ಲಾಗ್ ಇರುತ್ತೆ; ಅದನ್ನ ನೋಡಿದ ಮೇಲೆ ಅನುಮಾನ ಉಳಿಯಲಿಲ್ಲ. ಹೊಸ ನೆಟ್‌ಬೂಟ್ ಗಂಟು ಇಳಿಸಿಕೊಂಡು ಟಿಎಫ್‌ಟಿಪಿ ಫೋಲ್ಡರಿನಲ್ಲಿ ಹಳೇದರ ಜಾಗಕ್ಕೆ ಹಾಕಿದೆ. ಹತ್ತು ನಿಮಿಷದ ಕೆಲಸ. ಸರ್ವರ್ ಮತ್ತೆ ಎದ್ದಾಗ ಎಸ್‌ಡಿಎ, ಎಸ್‌ಡಿಬಿ ಎರಡೂ ಕಾಣಿಸಿದವು.

ಕಥೆ ಇಲ್ಲಿಗೇ ಮುಗಿದಿದ್ದರೆ ನಾನು ಹೀರೋ ಆಗಿ ಬಸ್ ಹತ್ತಬಹುದಿತ್ತು. ಆದರೆ ಒಂದು ವಿಷಯ ತಲೆ ಕೊರೀತಿತ್ತು. ಡೆಬಿಯನ್ ಇನ್‌ಸ್ಟಾಲರ್ ಇಷ್ಟು ದಡ್ಡ ಅಲ್ಲ. ಕರ್ನಲ್ ಮತ್ತು ಡ್ರೈವರಿನ ಆವೃತ್ತಿ ಹೊಂದದೇ ಹೋದರೆ ಅದು ಅಲ್ಲೇ ನಿಂತು ಕೇಳುತ್ತೆ: ಡ್ರೈವರುಗಳು ಸಿಗಲಿಲ್ಲ, ಆವೃತ್ತಿ ಹೊಂದುತ್ತಿಲ್ಲ ಅನಿಸುತ್ತೆ, ಮುಂದುವರಿದರೆ ಕೆಲಸ ಕೆಡೋ ಸಂಭವವೇ ಹೆಚ್ಚು, ಆದರೂ ಮುಂದೆ ಹೋಗಲಾ? ಅಂಥ ಪ್ರಶ್ನೆ ಕಾಕಾಗೆ ಬಂದಿತ್ತಾ? 'ಇಲ್ಲೋ ತಮ್ಮಾ, ಏನೂ ಕೇಳಲಿಲ್ಲದು. ಸೀದಾ ಡಿಸ್ಕ್ ಇಲ್ಲ ಅಂತು.'

ನನ್ನ ಸ್ಕ್ರಿಪ್ಟ್ ತೆಗೆದು ನೋಡಿದೆ. ಡೆಬಿಯನ್ನಿನಲ್ಲಿ ಇದಕ್ಕೆ ಪ್ರಿಸೀಡ್ ಅಂತಾರೆ, ಇನ್‌ಸ್ಟಾಲರ್ ಕೇಳೋ ಪ್ರಶ್ನೆಗಳಿಗೆ ಮೊದಲೇ ಉತ್ತರ ಬರೆದಿಡೋ ಫೈಲು. ಅದರಲ್ಲಿ ಒಂದು ಸಾಲು. ಆ ಪ್ರಶ್ನೆಯ ಹೆಸರಲ್ಲೇ 'ನೋ ಕರ್ನಲ್ ಮಾಡ್ಯೂಲ್ಸ್' ಅಂತಿದೆ. ಅದರ ಮುಂದೆ ನನ್ನ ಕೈಯಾರೆ ಬರೆದ ಉತ್ತರ: ಟ್ರೂ. ಹೌದು, ಮುಂದೆ ಹೋಗು.

ಯಾಕೆ ಬರೆದಿದ್ದೆ? ಪರೀಕ್ಷೆ ಮಾಡುವಾಗ ಒಮ್ಮೆ ಆ ಪ್ರಶ್ನೆ ಬಂದಿತ್ತು, ಕಿರಿಕಿರಿ ಆಗಿತ್ತು, ಮುಚ್ಚಿಬಿಟ್ಟೆ. ಪೂರ್ತಿ ಆಟೊಮ್ಯಾಟಿಕ್ ಅಂತ ಹೇಳಿಕೊಳ್ಳಬೇಕಿತ್ತು. ಒಂದೂ ಪ್ರಶ್ನೆ ಕೇಳದ ಇನ್‌ಸ್ಟಾಲೇಶನ್ನು! ಡೆಮೊ ಚೆನ್ನಾಗಿ ಕಾಣುತ್ತೆ.

ಆ ಒಂದು ಸಾಲಿನಿಂದ ಯಂತ್ರ ಮೊದಲು ಹೇಳಬೇಕೆಂದಿದ್ದ ಪೂರ್ತಿ ನಿಜ ಯಾರ ಕಿವಿಗೂ ಬೀಳಲಿಲ್ಲ. ಆಮೇಲೆ ಹೇಳಿದ ಅರ್ಧ ನಿಜವನ್ನ ಎಲ್ಲರೂ ನಂಬಿದರು. ಗುಮಾಸ್ತರಿಗೆ ಇಂಗ್ಲಿಷ್ ಬರಲ್ಲ ಅಂತ ನಗೋಕೆ ನನಗೆ ಯಾವ ಹಕ್ಕಿದೆ? ಅವರು ತಪ್ಪು ಓದಿದ್ದು ನಿಜ, ಆದರೆ ಸರಿಯಾದ ಪುಟವನ್ನ ಅವರಿಗಿಂತ ಮುಂಚೆ ಹರಿದು ಹಾಕಿದವನು ನಾನು.

ನಾಲ್ಕೂ ಕಡೆ ಇಟ್ಟದ್ದು ಇದೇ ಫೈಲ್, ಹಾಗಾಗಿ ಉಳಿದ ಮೂರೂ ಊರಿಗೆ ಹೋದೆ. ಕಿತ್ತೂರಿನ ಲ್ಯಾಬಿನಲ್ಲಿ ಒಬ್ಬ ಮೇಷ್ಟ್ರು ಇದೇ ತೊಂದರೆ ನೋಡಿ, ನೆಟ್‌ವರ್ಕ್ ಬಿಟ್ಟು ಪೆನ್‌ಡ್ರೈವಿನಿಂದ ಹಾಕಿಕೊಂಡಿದ್ದರು. ಪೆನ್‌ಡ್ರೈವಿನ ಪೂರ್ತಿ ಇನ್‌ಸ್ಟಾಲರಿನಲ್ಲಿ ಕರ್ನಲ್ಲೂ ಡ್ರೈವರೂ ಒಂದೇ ಡಬ್ಬಿಯಲ್ಲಿ ಬರುತ್ತವೆ, ಆವೃತ್ತಿ ತಪ್ಪೋ ಮಾತಿಲ್ಲ. 'ನಿಮಗ ಯಾಕ ತ್ರಾಸ ಕೊಡೂದಂತ ಹೇಳಲಿಲ್ರಿ ಸರ್' ಅಂದರು. ಎಷ್ಟು ಮರ್ಯಾದಸ್ಥರು ನೋಡಿ. ಅವರು ಒಂದು ಮಾತು ಹೇಳಿದ್ದರೆ ಕಾಕಾಗೆ ನೋಟಿಸ್ ಬರ್ತಿರಲಿಲ್ಲ. ಹೇಳೋ ಸಲುಗೆಯನ್ನ ನಾನು ಕೊಟ್ಟಿರಲಿಲ್ಲ. ಫೋಟೋ ತೆಗೆಸಿಕೊಂಡು ಹೋಗಿದ್ದೆ, ಅಷ್ಟೇ.

ಸವದತ್ತಿಯಲ್ಲಿ ಮಾರಾಟಗಾರರ ಮಾತು ಕೇಳಿ ಹೊಸ ಸರ್ವರನ್ನೇ ತಂದಿದ್ದರು. ಹೊಸದಕ್ಕೂ ನನ್ನ ಬೂಟ್ ಸರ್ವರಿನಿಂದಲೇ ಹಾಕೋಕೆ ಹೋದರೆ ಅದೂ ಡಿಸ್ಕ್ ಇಲ್ಲ ಅಂತು! 'ಹೊಸಾದ್ರಾಗೂ ಡಿಸ್ಕ್ ಇಲ್ಲದ ಕೊಟ್ಟಾರ್ರಿ' ಅಂತ ಅಂಗಡಿಯವರ ಜೊತೆ ಜಗಳ ನಡೆದಿತ್ತು. ಹಳೇದು ಮೂಲೆಯಲ್ಲಿ ಗೋಣಿಚೀಲ ಹೊದ್ದು ಕೂತಿತ್ತು. ಅದರ ಡಿಸ್ಕ್ ನೋಡಿದೆ, ಎರಡೂ ಗಟ್ಟಿಮುಟ್ಟು. ರಾಮದುರ್ಗದಲ್ಲಿ ಲ್ಯಾಬಿಗೆ ಬೀಗ. ಡಿಸ್ಕ್ ಹೋಗಿವೆ ಅಂತ ಬರೆದಿಟ್ಟು, ಹೊಸದಕ್ಕೆ ಅರ್ಜಿ ಹಾಕಿ, ಕಾಯ್ತಾ ಇದ್ದರು. ಆ ವರ್ಷದ ಹುಡುಗ ಹುಡುಗಿಯರು ಸರ್ವರ್ ಮುಟ್ಟದೇ ಪಾಸಾಗಿ ಹೋಗಿದ್ದರು. ನೇಕಾರರ ಮನೆಯ ಮಕ್ಕಳು ಬಹಳ ಇದ್ದರಂತೆ.

ಈಗ ಜಗಳಕ್ಕೆ ಬರ್ತೀನಿ.

ನಮ್ಮ ವೃತ್ತಿಯಲ್ಲಿ 'ಡಿಸ್ಕ್ ಕಾಣ್ತಿಲ್ಲ' ಅಂದ ಕೂಡಲೇ 'ಡಿಸ್ಕ್ ಹೋಗಿದೆ' ಅನ್ನೋದು ಚಟ ಆಗಿಬಿಟ್ಟಿದೆ. ಕಾಣದೇ ಇರೋದು ಬೇರೆ, ಇಲ್ಲದೇ ಇರೋದು ಬೇರೆ. ಇನ್‌ಸ್ಟಾಲರ್ ಹೇಳೋದು ತನಗೆ ಕಾಣಿಸಿದ್ದರ ಬಗ್ಗೆ ಮಾತ್ರ. ಅದಕ್ಕೆ ಕಾಣದಿರೋಕೆ ಹತ್ತು ಕಾರಣ ಇರಬಹುದು. ಸರ್ವರಿನಲ್ಲಿ ರೇಡ್ ಕಾರ್ಡ್ ಇದ್ದು, ಅದರಲ್ಲಿ ವರ್ಚುವಲ್ ಡಿಸ್ಕ್ ಮಾಡಿರದಿದ್ದರೆ ಹಿಂದಿರೋ ಡಿಸ್ಕುಗಳು ಎಷ್ಟೋ ಕಾರ್ಡುಗಳಲ್ಲಿ ಲಿನಕ್ಸಿಗೆ ಕಾಣೋದೇ ಇಲ್ಲ. ಬಯೋಸಿನಲ್ಲಿ ಕಂಟ್ರೋಲರ್ ಎಎಚ್‌ಸಿಐ ಬಿಟ್ಟು ರೇಡ್ ಮೋಡಿಗೆ ಹೋಗಿದ್ದರೂ ಹೀಗಾಗಬಹುದು. ಪದೇ ಪದೇ ಕರೆಂಟ್ ಹೋಗೋ ಊರಲ್ಲಿ, ಮದರ್‌ಬೋರ್ಡಿನ ನಾಣ್ಯದಂಥ ಬ್ಯಾಟರಿ ಸತ್ತಿದ್ದರೆ, ಬಯೋಸು ತನ್ನಷ್ಟಕ್ಕೆ ತಾನೇ ಹಳೇ ಸೆಟ್ಟಿಂಗಿಗೆ ಮರಳಿಬಿಡುತ್ತೆ. ಆ ಬ್ಯಾಟರಿ ಕೈಗಡಿಯಾರದ ಅಂಗಡಿಯಲ್ಲೂ ಸಿಗುತ್ತೆ. ಡಿಸ್ಕಿನ ಮೇಲೆ ಹಿಂದಿನ ಯಾವುದೋ ರೇಡಿನ ಗುರುತು ಉಳಿದಿದ್ದರೂ ಇನ್‌ಸ್ಟಾಲರ್ ಗಲಿಬಿಲಿ ಆಗುತ್ತೆ. ಇನ್ನು ಕೆಲವು ಕಡೆ ಕಾರ್ಡು ಹಳೇದು ಅಂತ ಅದರ ಹೆಸರನ್ನೇ ಡ್ರೈವರಿನ ಪಟ್ಟಿಯಿಂದ ತೆಗೆದಿರ್ತಾರೆ. 2019ರಲ್ಲಿ ಬಂದ ರೆಡ್ ಹ್ಯಾಟ್ ಎಂಟರ್‌ಪ್ರೈಸ್ ಲಿನಕ್ಸ್ 8ರಲ್ಲಿ ಎಲ್‌ಎಸ್‌ಐ ಎಸ್‌ಎಎಸ್2008ರಂಥ ಹಳೇ ಕಾರ್ಡುಗಳಿಗೆ ಬೆಂಬಲ ನಿಂತಿತು, ಮತ್ತು ಆ ಪಟ್ಟಿಯನ್ನ ಅವರು ಬಹಿರಂಗವಾಗಿಯೇ ಪ್ರಕಟಿಸಿದ್ದಾರೆ. 2024ರ ಆಲ್ಮಾಲಿನಕ್ಸ್ 9.4 ಅಂಥ ಹಲವು ಹಳೇ ಯಂತ್ರಭಾಗಗಳನ್ನ ಪಟ್ಟಿಗೆ ವಾಪಸ್ ಸೇರಿಸಿತು. ಕಾರ್ಡು ಅದೇ, ಡಿಸ್ಕು ಅದೇ. ಪಟ್ಟಿಯಲ್ಲಿ ಹೆಸರಿದ್ದರೆ ಉಂಟು, ಇಲ್ಲದಿದ್ದರೆ ಇಲ್ಲ. ಪಡಿತರ ಚೀಟಿಯಲ್ಲಿ ಹೆಸರು ಬಿಟ್ಟುಹೋದವರಿಗೆ ಈ ಕಷ್ಟ ಹೊಸದಲ್ಲ.

ಡಿಸ್ಕ್ ಸಾಯೋದೇ ಇಲ್ಲ ಅಂತ ನಾನು ಹೇಳ್ತಿಲ್ಲ. ಸಾಯುತ್ತೆ. ಆದರೆ ಸಾಮಾನ್ಯವಾಗಿ ಸುಳಿವು ಬಿಟ್ಟು ಸಾಯುತ್ತೆ. ಕಟಕಟ ಸದ್ದು, ಲಾಗಿನಲ್ಲಿ ಓದೋಕಾಗ್ತಿಲ್ಲ ಅನ್ನೋ ದೂರು, ಸ್ಮಾರ್ಟ್ ವರದಿಯಲ್ಲಿ ಕೆಟ್ಟ ಸೆಕ್ಟರುಗಳ ಲೆಕ್ಕ. ಎರಡು ಡಿಸ್ಕು ಒಂದೇ ದಿನ, ಒಂದೂ ಮಾತಾಡದೇ, ಇನ್‌ಸ್ಟಾಲೇಶನ್ ಹೊತ್ತಿಗೇ ಸತ್ತವು ಅಂದರೆ ಪೊಲೀಸರು ಕೂಡ ಅನುಮಾನ ಪಡ್ತಾರೆ. ನಾವು ಪಡಲ್ಲ.

ಪಡದೇ ಇರೋಕೆ ಕಾರಣ ಇದೆ. ನಮ್ಮ ಆಫೀಸುಗಳಲ್ಲಿ ಡಿಸ್ಕ್ ಕಾಣದಿದ್ದರೆ ಟಿಕೆಟ್ ಹಾಕ್ತೀವಿ, ಮಧ್ಯಾಹ್ನಕ್ಕೆ ಇನ್ನೊಂದು ಬರುತ್ತೆ. ಕ್ಲೌಡಿನಲ್ಲಾದರೆ ಯಂತ್ರವನ್ನೇ ಬಿಸಾಕಿ ಇನ್ನೊಂದು ಎಬ್ಬಿಸ್ತೀವಿ. ನಮ್ಮ ಸೋಮಾರಿತನದ ಬಿಲ್ಲು ಕಂಪನಿಯ ಲೆಕ್ಕಕ್ಕೆ ಹೋಗುತ್ತೆ. ಅದೇ ಸೋಮಾರಿತನವನ್ನ ಸ್ಕ್ರಿಪ್ಟ್ ಮಾಡಿ ಬೈಲಹೊಂಗಲಕ್ಕೆ ಕೊಟ್ಟುಬಂದರೆ, ಬಿಲ್ಲು ಅಲ್ಲಿನ ಸರಪಳಿಯಲ್ಲಿ ಇಳಿಯುತ್ತಾ ಇಳಿಯುತ್ತಾ ತೀರಾ ಕೆಳಗಿರೋ ಮನುಷ್ಯನ ಹತ್ತಿರ ಹೋಗಿ ನಿಲ್ಲುತ್ತೆ. ಕೀಲಿ ಯಾರ ಹತ್ತಿರ ಇತ್ತು? ಗುತ್ತಿಗೆ ನೌಕರ ಯಾರು? ಅವನ ಸಂಬಳದಲ್ಲಿ ವಸೂಲಿ ಮಾಡಿ.

'ಆಟೊಮೇಶನ್ ಬೇಡ ಅಂತೀಯಾ?' ಅಂತ ಕೇಳ್ತೀರಿ. ಖಂಡಿತ ಇಲ್ಲ. ಇಪ್ಪತ್ತು ಯಂತ್ರದ ಮುಂದೆ ಕೂತು ಇಪ್ಪತ್ತು ಸಲ ಭಾಷೆ, ಕೀಬೋರ್ಡು, ಟೈಮ್ ಝೋನ್ ಆರಿಸೋದು ಶುದ್ಧ ಹಿಂಸೆ. ಅವಕ್ಕೆಲ್ಲಾ ಉತ್ತರ ಮೊದಲೇ ಬರೆದಿಡಿ. ಆದರೆ 'ಮುಂದೆ ಹೋದರೆ ಕೆಡುತ್ತೆ, ಹೋಗಲಾ?' ಅನ್ನೋದು ಆ ಜಾತಿಯ ಪ್ರಶ್ನೆ ಅಲ್ಲ. ಅದಕ್ಕೆ ನೀವು ಊರಲ್ಲಿ ಇಲ್ಲದ ಹೊತ್ತಿನ ಪರವಾಗಿ, ಇನ್ನೊಬ್ಬರ ಯಂತ್ರದ ಪರವಾಗಿ, ಹೌದು ಅಂತ ಮುಂಗಡ ಸಹಿ ಹಾಕೋ ಹಾಗಿಲ್ಲ. ಅಲ್ಲಿ ಯಂತ್ರ ನಿಲ್ಲಲಿ. ನಿಂತರೆ ಡೆಮೊ ಕೆಡಬಹುದು, ಮನುಷ್ಯರ ಮರ್ಯಾದೆ ಉಳಿಯುತ್ತೆ.

'ಅವರೇ ಅಪ್‌ಡೇಟ್ ಮಾಡಿಕೋಬೇಕಿತ್ತು' ಅನ್ನೋ ವಾದವೂ ಇದೆ. ಯಾರು? ಏನನ್ನ ಅಪ್‌ಡೇಟ್ ಮಾಡಬೇಕು ಅಂತ ನನ್ನ ಚೀಟಿಯಲ್ಲಿತ್ತಾ? ಇರಲಿಲ್ಲ. 'ಸ್ವಿಚ್ ಹಾಕಿ, ನೆಟ್‌ವರ್ಕ್ ಬೂಟ್ ಆರಿಸಿ, ಕಾಯಿರಿ' ಅಂತಿತ್ತು. ಕಾಕಾ ಅದನ್ನ ಅಕ್ಷರಶಃ ಪಾಲಿಸಿದರು. ಇಡೀ ಪ್ರಕರಣದಲ್ಲಿ ತನ್ನ ಕೆಲಸವನ್ನ ಸರಿಯಾಗಿ ಮಾಡಿದ ಒಬ್ಬನೇ ಮನುಷ್ಯನಿಗೆ ನೋಟಿಸ್ ಹೋಯಿತು.

ನಾಲ್ಕೂ ಕಡೆ ಈಗ ಮಾಡಿದ್ದು ಇಷ್ಟು. ಆ 'ಟ್ರೂ' ಸಾಲು ತೆಗೆದೆ. ಬೂಟ್ ಸರ್ವರಿನೊಳಗೇ ಡೆಬಿಯನ್ ಮಿರರಿನ ಒಂದು ನಕಲು ಇಟ್ಟು, ಕರ್ನಲ್ಲೂ ಡ್ರೈವರೂ ಯಾವಾಗಲೂ ಒಟ್ಟಿಗೇ ಬದಲಾಗೋ ಹಾಗೆ ಮಾಡಿದೆ. ಅಂಗಡಿಯೇ ಮನೆಯೊಳಗೆ ಇದ್ದ ಮೇಲೆ ಸಂಖ್ಯೆ ತಪ್ಪಲ್ಲ. ಗೋಡೆಯ ಮೇಲಿನ ಚೀಟಿ ಈಗ ಎರಡು ಪುಟ, ಕನ್ನಡದಲ್ಲಿ. 'ಡಿಸ್ಕ್ ಕಾಣಿಸುತ್ತಿಲ್ಲ ಅಂದರೆ ಡಿಸ್ಕ್ ಇಲ್ಲ ಅಂತ ಅರ್ಥ ಅಲ್ಲ' ಅನ್ನೋದು ಮೊದಲ ಸಾಲು. ಅದರ ಕೆಳಗೆ ಕ್ರಮ: ಮುಚ್ಚಳ ತೆಗೆದು ಕೇಬಲ್ ನೋಡಿ, ಬಯೋಸಿನಲ್ಲಿ ಕಾಣುತ್ತಾ ನೋಡಿ, ಆಲ್ಟ್ ಎಫ್2ರಲ್ಲಿ ಎಲ್‌ಎಸ್‌ಪಿಸಿಐ, ಆಲ್ಟ್ ಎಫ್4ರಲ್ಲಿ ಲಾಗ್, ಎರಡರ ಫೋಟೋ ತೆಗೆದು ನನಗೆ ಕಳಿಸಿ. ಕೆಳಗೆ ನನ್ನ ನಂಬರ್.

ಕಾಲೇಜಿಗೂ ಒಂದು ಪತ್ರ ಕೊಟ್ಟೆ: ತಪ್ಪು ನನ್ನದು, ನನ್ನ ಫೈಲಿನ ಇಂಥ ಸಾಲಿನದು, ಇವರದ್ದಲ್ಲ. ಓದಿದ ಮೇಲಿನವರು 'ಆತ್ ಬಿಡ್ರಿ, ಆಗಿದ್ದ ಆತು' ಅಂದರು. ನೋಟಿಸನ್ನ ಹಿಂದಕ್ಕೆ ತಗೊಂಡಿದ್ದು ಬಾಯಿಮಾತಿನಲ್ಲಿ. ಹಿಂದಕ್ಕೆ ತಗೊಂಡೆವು ಅನ್ನೋ ಒಂದು ಕಾಗದ ಕೊಡಿ ಅಂತ ಕಾಕಾ ಇವತ್ತಿಗೂ ಕೇಳ್ತಾ ಇದ್ದಾರೆ. ಕೊಟ್ಟಿಲ್ಲ. ಅವರ ಫೈಲಿನಲ್ಲಿ ನೋಟಿಸ್ ಹಾಗೇ ಇದೆ, ಅದರ ಹಿಂದೆ ನನ್ನ ಪತ್ರ ಪಿನ್ ಹಾಕಿ ಇಟ್ಟಿದ್ದಾರೆ.

ಹಾಗಾಗಿ ಇದನ್ನ ಓದ್ತಿರೋ ನಿಮಗೊಂದು ಕೆಲಸ. ನಿಮ್ಮ ಕಿಕ್‌ಸ್ಟಾರ್ಟ್, ಪ್ರಿಸೀಡ್, ಯಾವುದೋ ಮಧ್ಯರಾತ್ರಿ ಬರೆದ ಶೆಲ್ ಸ್ಕ್ರಿಪ್ಟ್, ಇವನ್ನ ಇವತ್ತೇ ತೆಗೀರಿ. ಎಚ್ಚರಿಕೆಯ ಬಾಯಿ ಮುಚ್ಚಿಸೋಕೆ ಎಲ್ಲೆಲ್ಲಿ 'ಹೌದು' ಅಂತ ಬರೆದಿದ್ದೀರೋ ಹುಡುಕಿ. ಪ್ರತಿಯೊಂದರ ಮುಂದೆ ಒಂದೇ ಪ್ರಶ್ನೆ ಕೇಳಿಕೊಳ್ಳಿ: ಇದು ಕೆಟ್ಟ ದಿನ ನೋಟಿಸ್ ಯಾರಿಗೆ ಹೋಗುತ್ತೆ? ಉತ್ತರ 'ನನಗೆ' ಅಂತ ಬರದಿದ್ದರೆ ಆ ಸಾಲು ಅಳಿಸಿ.